ಶಾಲಾ ಅನುದಾನ ತಡವಾದರೆ ಕಲಿಕೆಗೆ ದಕ್ಕದು

ಮಾನ್ಯ ಸಂಪಾದಕರೇ,

ಸರ್ಕಾರಿ ಶಿಕ್ಷಣ ಯೋಜನೆ ಸೋತಾಗಲೆಲ್ಲ ‘ಅನುದಾನ ಸಾಲದು’ ಎಂಬ ಮಾತು ಬರುತ್ತದೆ. ಮಾತು ಸುಳ್ಳಲ್ಲ. ಜಿಡಿಪಿಯ ಕನಿಷ್ಠ ಶೇ 4ರಿಂದ 6 ಅಥವಾ ಸರ್ಕಾರಿ ವೆಚ್ಚದ ಕನಿಷ್ಠ ಶೇ 15ರಿಂದ 20ರಷ್ಟನ್ನು ಶಿಕ್ಷಣಕ್ಕೆ ಇಡಬೇಕೆಂದು 2015ರಲ್ಲಿ ದಕ್ಷಿಣ ಕೊರಿಯಾದ ಇಂಚಿಯೋನ್‌ನಲ್ಲಿ ಸೇರಿದ ವಿಶ್ವ ಶಿಕ್ಷಣ ವೇದಿಕೆಯ ಘೋಷಣೆ ಹೇಳಿತು. ಎರಡನ್ನೂ ಮುಟ್ಟದ ದೇಶಗಳು ಅನೇಕ. ಆದರೆ ಕೊಟ್ಟ ಹಣವೂ ಹೇಗೆ ನಿಷ್ಫಲವಾಗುತ್ತದೆ ಎಂಬುದನ್ನು ಯಾರೂ ಅಷ್ಟಾಗಿ ಕೇಳುವುದಿಲ್ಲ.

ಬಜೆಟ್ಟಿನ ದೊಡ್ಡ ಪಾಲು ಸಂಬಳಕ್ಕೆ ಹೋಗುತ್ತದೆ, ಹೋಗಲೇಬೇಕು. ತೊಡಕಿರುವುದು ಕಂತುಗಳಲ್ಲಿ ಬರುವ ಉಳಿದ ಹಣದಲ್ಲಿ. ಮೊದಲ ಕಂತಿನ ಹಣ ಬಳಕೆ ಪ್ರಮಾಣಪತ್ರ ಎಲ್ಲ ಶಾಲೆಗಳಿಂದ ಬರುವ ತನಕ ಎರಡನೆಯದನ್ನು ತಡೆಹಿಡಿದರೆ, ಹತ್ತು ಶಾಲೆಗಳ ವಿಳಂಬಕ್ಕೆ ನೂರು ಶಾಲೆ ಕಾಯಬೇಕು. ಹಣ ಕೈಸೇರುವಷ್ಟರಲ್ಲಿ ಆರ್ಥಿಕ ವರ್ಷ ಮುಗಿಯಲು ಮೂರೋ ನಾಲ್ಕೋ ವಾರ ಉಳಿದಿರುತ್ತದೆ; ಖರ್ಚಾಗದಿದ್ದರೆ ವಾಪಸ್. ಆಗ ಬೇಗ ಬಿಲ್ ಆಗುವ ಸುಣ್ಣಬಣ್ಣ, ಕುರ್ಚಿ, ಕಪಾಟುಗಳಿಗೇ ಹಣ ಹರಿಯುತ್ತದೆ. ಓದಲು ಬಾರದ ಮಕ್ಕಳಿಗೆ ಪರಿಹಾರ ಬೋಧನೆ ತಿಂಗಳುಗಟ್ಟಲೆ ನಡೆಯಬೇಕು, ಕೊನೆಯ ವಾರಗಳಲ್ಲಿ ಅದು ಆಗುವ ಕೆಲಸವಲ್ಲ. ಇನ್ನು ಕಂಪ್ಯೂಟರ್ ಕೊಳ್ಳಲು ಬಜೆಟ್ಟಿನಲ್ಲಿ ಲೆಕ್ಕ ಶೀರ್ಷಿಕೆ (ಖರ್ಚಿನ ಬಾಬ್ತು) ಇದ್ದು, ಬ್ಯಾಟರಿ ಬದಲಿಸಲು, ವಿದ್ಯುತ್ ಬಿಲ್ ಕಟ್ಟಲು ಇಲ್ಲದಿದ್ದರೆ ಕೊಠಡಿಗೆ ಬೀಗವೇ ಗತಿ.

ಆಂಧ್ರಪ್ರದೇಶ ಮತ್ತು ಜಾಂಬಿಯಾ ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನ ಇನ್ನೊಂದು ಸೂಕ್ಷ್ಮ ತೋರಿಸಿತು. ಶಾಲೆಗೆ ಅನುದಾನ ಬರುತ್ತದೆಂದು ಮೊದಲೇ ಗೊತ್ತಾದಾಗ ಪೋಷಕರು ಪುಸ್ತಕ, ಸಾಮಗ್ರಿಗೆ ತಾವು ಮಾಡುತ್ತಿದ್ದ ಖರ್ಚು ತಗ್ಗಿಸಿದರು, ಅಂಕಗಳು ಏರಲಿಲ್ಲ. ಬಡ ಮನೆಗೆ ಅಷ್ಟರಮಟ್ಟಿಗೆ ಹೊರೆ ಇಳಿಯಿತು, ಅದೂ ಸಣ್ಣ ಲಾಭವಲ್ಲ. ಆದರೆ ಕಲಿಕೆ ಹೆಚ್ಚಬೇಕಾದರೆ ಮನೆಯವರು ಕೊಳ್ಳಲಾಗದ್ದಕ್ಕೆ ಹಣ ಸಲ್ಲಬೇಕು. ಟಾಂಜಾನಿಯಾದ 350 ಶಾಲೆಗಳ ಪ್ರಯೋಗದಲ್ಲೂ ಬರೀ ಅನುದಾನದಿಂದ ಅಂಕ ಹೆಚ್ಚಲಿಲ್ಲ. ಮಕ್ಕಳ ಕಲಿಕೆಗೆ ತಕ್ಕಂತೆ ಶಿಕ್ಷಕರಿಗೆ ಪ್ರೋತ್ಸಾಹಧನವೂ ಸೇರಿದಾಗ ಹೆಚ್ಚಿತು.

ಸೋರಿಕೆಯ ಮಾತಿಗೆ ಬಂದರೆ, 1991–95ರಲ್ಲಿ ಉಗಾಂಡದ ಶಾಲೆಗಳಿಗೆ ತಲಾವಾರು (ಮಕ್ಕಳ ಸಂಖ್ಯೆಗೆ ತಕ್ಕಂತೆ ಕೊಡುವ) ಅನುದಾನದ ಸರಾಸರಿ ಶೇ 13 ಮಾತ್ರ ತಲುಪುತ್ತಿತ್ತು. ಬಿಡುಗಡೆಯಾದ ಮೊತ್ತವನ್ನು ಪತ್ರಿಕೆಗಳಲ್ಲಿ ಪ್ರಕಟಿಸತೊಡಗಿದ ಮೇಲೆ, 2001ರ ಹೊತ್ತಿಗೆ ಅದು ಸುಮಾರು ಶೇ 80ಕ್ಕೇರಿತು. ಬೇರೆ ಸುಧಾರಣೆಗಳ ಪಾಲೂ ಅದರಲ್ಲಿತ್ತು.

ಹಾಗಾಗಿ ಮೊದಲ ಕಂತು ಶಾಲೆ ತೆರೆಯುವ ಮುಂಚೆಯೇ ಖಾತೆಗೆ ಬರಲಿ. ಲೆಕ್ಕ ಕೊಟ್ಟ ಶಾಲೆಗೆ, ಬೇರೆಯವರಿಗಾಗಿ ಕಾಯಿಸದೆ, ಎರಡನೆಯದು ಸಿಗಲಿ. ಉಳಿದ ಹಣವನ್ನು ಮುಂದಿನ ವರ್ಷಕ್ಕೆ ಒಯ್ಯಲು ಅವಕಾಶವಿರಲಿ, ಪ್ರತಿ ಖರೀದಿಯ ಜೊತೆಗೇ ನಿರ್ವಹಣಾ ವೆಚ್ಚವೂ ಮಂಜೂರಾಗಲಿ. ಬಂದ ದಿನಾಂಕ ಮತ್ತು ಮೊತ್ತವನ್ನು ಶಾಲೆಯ ಗೋಡೆಯ ಮೇಲೆ ಬರೆಯಲಿ. ಪರಿಶೀಲನಾ ಸಭೆಗಳಲ್ಲಿ ‘ಶೇಕಡಾ ಎಷ್ಟು ಖರ್ಚಾಯಿತು’ ಎಂದು ಕೇಳುವ ಮುನ್ನ, ಎಷ್ಟು ಮಕ್ಕಳು ಈಗ ಸರಾಗವಾಗಿ ಓದುತ್ತಾರೆಂದು ಅಧಿಕಾರಿಗಳು ಕೇಳಲಿ.