ಹಿತ್ತಿಲ ಮೆಟ್ಟಿಲು ನೋಡಿದ ಮೇಲೆ ಹೂಂ ಅನ್ನು

ಸಿರಕ್ಯೂಸ್, ಡಿಸೆಂಬರ್ 14

ಚಿ. ಪುಟ್ಟುಗೆ ಅತ್ತೆಯ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಮೊನ್ನೆ ನಿಮ್ಮಪ್ಪ ಮೈಸೂರಿಂದ ಫೋನ್ ಮಾಡಿ, "ಇವನು ಯಾವುದೋ ಫ್ರಾಟರ್ನಿಟಿ ಮನೆ ಸೇರ್ತಾನಂತೆ, ಅದೇನೇ, ಹಾಸ್ಟೆಲ್ಲಾ, ಮಠವಾ?" ಅಂತ ಕೇಳಿದ. ಎರಡು ಕಡೆಯೂ ಊಟ ಹಾಕ್ತಾರಲ್ಲ, ಹಾಗೇ ಇದೂ ಅಂತ ಹೇಳಿ ಸದ್ಯಕ್ಕೆ ತಪ್ಪಿಸಿಕೊಂಡೆ. ನಿನಗೆ ಹಾಗೆ ಹೇಳಿ ಮುಗಿಸಲಾರೆ. ಹಳೇ ಮನೆಗಳ ಅಳತೆ ತೆಗೆದು ರಿಪೇರಿ ನಕ್ಷೆ ಬರೆದೇ ಇಷ್ಟು ವರ್ಷ ಹೊಟ್ಟೆ ಹೊರೆದವಳು ನಾನು. ಫ್ರಾಟರ್ನಿಟಿ ಅಂದರೆ ಕಾಲೇಜು ಹುಡುಗರು ಕಟ್ಟಿಕೊಂಡ, ಗ್ರೀಕ್ ಅಕ್ಷರಗಳ ಹೆಸರಿನ ಸಂಘ; ಅಂಥ ಅಕ್ಷರ ಹೊತ್ತ ಮನೆಗಳ ನೆಲಮಾಳಿಗೆಯ ಧೂಳನ್ನೂ ಬೇಕಾದಷ್ಟು ಕುಡಿದಿದ್ದೇನೆ.

ಜನವರಿಯಲ್ಲಿ ನಿಮ್ಮ ಕಾರ್ನೆಲ್‌ನಲ್ಲಿ ರಷ್, ಅಂದರೆ ಈ ಸಂಘಗಳು ಹೊಸ ಸದಸ್ಯರನ್ನು ಆರಿಸಿಕೊಳ್ಳೋ ಕಾಲ, ಶುರುವಾಗುತ್ತೆ. ಹೊರಗೆ ಮೊಣಕಾಲುದ್ದ ಹಿಮ, ಒಳಗೆ ಅಗ್ಗಿಷ್ಟಿಕೆಯಲ್ಲಿ ಬೆಂಕಿ, ಗೋಡೆ ತುಂಬ ಓಕ್ ಮರದ ಹಲಗೆ, ಹಳೇ ಸದಸ್ಯರ ಫೋಟೋಗಳು. ಮನೆ ಬಿಟ್ಟು ನಾಲ್ಕು ತಿಂಗಳಾದ ಹುಡುಗನಿಗೆ ಅಲ್ಲೇ ಕೂತುಬಿಡೋಣ ಅನ್ನಿಸದಿದ್ದರೆ ಆಶ್ಚರ್ಯ. ಅನ್ನಿಸಲಿ ಅಂತಲೇ ಆ ಹಜಾರ ಹಾಗಿರೋದು. ಒಬ್ಬ ಸಾಹುಕಾರನ ಮನೆಗೆ ನೆಂಟನಾಗಿ ಬಂದೆ ಅನ್ನೋ ಭಾವನೆ ನಿನಗೆ ಬರಬೇಕು.

ಕೆಲವಂತೂ ನಿಜವಾಗಿ ಸಾಹುಕಾರರ ಮನೆಗಳೇ. ಗುಡ್ಡದ ಇಳಿಜಾರಿನಲ್ಲಿರೋ ಲೆನ್‌ರಾಕ್ ನೋಡಿದ್ದೀಯಲ್ಲ, ಅದರ ಹೆಸರನ್ನು ಇಂಗ್ಲಿಷಿನಲ್ಲಿ (Llenroc) ಹಿಂದುಮುಂದಾಗಿ ಓದು. ನಿಮ್ಮ ಯೂನಿವರ್ಸಿಟಿ ಸ್ಥಾಪಿಸಿದ ಎಜ್ರಾ ಕಾರ್ನೆಲ್ ತನಗಾಗಿ ಕಟ್ಟಿಸಲು ಹಿಡಿದ ಕಲ್ಲಿನ ಬಂಗಲೆ ಅದು. ಅದು ಮುಗಿಯುವ ಮೊದಲೇ, 1874ರಲ್ಲಿ, ಆತ ತೀರಿಕೊಂಡ. 1911ರಲ್ಲಿ ಡೆಲ್ಟಾ ಫೈ ಸಂಘ ಅದನ್ನು ಕೊಂಡಿತು. ಒಂದು ಸಂಸಾರಕ್ಕೆ ಅಂತ ಬರೆದ ನಕ್ಷೆಯೊಳಗೆ ಹುಡುಗರ ಗುಂಪು ಬಂದು ಸೇರಿದರೆ ಏನಾಗುತ್ತೆ ಅನ್ನೋದು ನನ್ನಂಥವಳ ತಲೆಬಿಸಿ. ಸೊಗಸಾದ ಮೆಟ್ಟಿಲು ಮಧ್ಯದಲ್ಲಿ ಒಂದೇ ಒಂದು; ಆಳುಕಾಳುಗಳಿಗೆ ಅಂತ ಮಾಡಿದ ಇನ್ನೊಂದು ಮೆಟ್ಟಿಲು ಕಿರಿದು, ಕಡಿದು, ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ.

ಇವು ಮೊದಲಿಂದ ಬಂಗಲೆಗಳಾಗಿರಲಿಲ್ಲ. 1840ರ ದಶಕದಲ್ಲಿ ಮಿಷಿಗನ್‌ನ ಆನ್ ಆರ್ಬರ್‌ನಲ್ಲಿ ಕೈ ಸೈ ಎಂಬ ಸಂಘದ ಹುಡುಗರು ಮೇಷ್ಟ್ರುಗಳ ಕಣ್ಣು ತಪ್ಪಿಸಿ ಕಾಡಿನಲ್ಲಿ ಮರದ ದಿಮ್ಮಿಯ ಗುಡಿಸಲು ಹಾಕಿಕೊಂಡರು. ಫ್ರಾಟರ್ನಿಟಿ ಮನೆಗಳ ವಂಶಾವಳಿ ಶುರುವಾಗೋದು ಆ ಗುಡಿಸಲಿಂದ. ಆಮೇಲೆ ಎಷ್ಟೋ ಕಾಲೇಜುಗಳು ಹುಡುಗರಿಗೆ ಸೂರು ಕೊಡೋದು ನಮ್ಮ ಕೆಲಸವಲ್ಲ ಅಂತ ಕೈತೊಳೆದುಕೊಂಡಾಗ ಗುಡಿಸಲಿಗೆ ಕಂಬ ಬಂತು, ಗೋಪುರ ಬಂತು. ಇಲ್ಲೇ ನಮ್ಮೂರು ಸಿರಕ್ಯೂಸ್‌ನಲ್ಲಿ ಆಲ್ಫಾ ಫೈ ಸಂಘದ ಹೆಣ್ಣುಮಕ್ಕಳು 1886ರಷ್ಟು ಹಿಂದೆಯೇ ತಮ್ಮದೇ ಮನೆ ಕಟ್ಟಿಸಿಕೊಂಡರು, ಗೊತ್ತಾ? ಹೆಂಗಸರಿಗೆ ಓಟು ಕೂಡ ಇಲ್ಲದ ಕಾಲ ಅದು. ಆ ಬೀದಿಯಲ್ಲಿ ಹೋಗುವಾಗಲೆಲ್ಲ ನನಗೆ ಒಳಗೊಳಗೇ ಖುಷಿ.

ನಿನಗೆ ಹೇಳಲೇಬೇಕಾದ ಒಂದು ಸಂಗತಿ ಇದೆ. ಎಷ್ಟೋ ವರ್ಷದ ಹಿಂದೆ, ನಿಮ್ಮೂರಲ್ಲಲ್ಲ, ಬೇರೊಂದು ಕಡೆ, ಇಂಥದೇ ಮನೆಯ ನೆಲಮಾಳಿಗೆ ಅಳೆಯೋಕೆ ಹೋಗಿದ್ದೆ. ಹೊರಗಿನ ಗೋಡೆ ಅರವತ್ತೆರಡು ಅಡಿ. ಒಳಗಿನ ಕೋಣೆಗಳನ್ನೆಲ್ಲ ಕೂಡಿದರೆ, ಗೋಡೆಗಳ ದಪ್ಪವನ್ನೂ ಸೇರಿಸಿ, ನಲವತ್ತೊಂಬತ್ತು. ಟೇಪು ಹಿಡಿದು ಮೂರು ಸಲ ಓಡಾಡಿದೆ. ಆಗ ಆ ಮನೆಯ ಅಧ್ಯಕ್ಷ, ಇಪ್ಪತ್ತೊಂದು ವರ್ಷದ ಹುಡುಗ, ಹಲ್ಲು ಕಿರಿದು, "ಮ್ಯಾಮ್, ಅದು ಚಾಪ್ಟರ್ ರೂಮ್, ಸದಸ್ಯರಿಗೆ ಮಾತ್ರ" ಅಂದ. ಸಂಘದವರು ಗುಟ್ಟಾಗಿ ಸಭೆ ಸೇರೋ ಕೋಣೆ ಅದು. ನಕ್ಷೆಯಲ್ಲಿ ಆ ಹದಿಮೂರು ಅಡಿಯನ್ನು ಖಾಲಿ ಬಿಟ್ಟೆ. ಗುಟ್ಟಿನ ಕೋಣೆ ಇರೋದೇ ತಪ್ಪು ಅನ್ನಲ್ಲ. ಯೇಲ್‌ನಲ್ಲಿ 1856ರಲ್ಲಿ ಕಟ್ಟಿದ, ಗುಪ್ತ ಸಂಘವಾದ ಸ್ಕಲ್ ಆಂಡ್ ಬೋನ್ಸ್‌ನ ಮನೆಯನ್ನು ಗೋರಿ ಅಂತಲೇ ಕರೀತಾರೆ. ನಿಮ್ಮ ಕಾರ್ನೆಲ್‌ನ ಆಲ್ಫಾ ಡೆಲ್ಟಾ ಫೈ ಸಂಘಕ್ಕೆ ನಕ್ಷತ್ರದ ಆಕಾರದ, ಕಿಟಕಿಯೇ ಇಲ್ಲದ ಒಂದು ಕಟ್ಟಡವಿದೆ. ಗರ್ಭಗುಡಿಗೂ ಕಿಟಕಿ ಇರಲ್ಲ. ಆದರೆ ಅವತ್ತು ಹೊರಗೆ ಬರೋಣ ಅಂತ ಹಿತ್ತಿಲ ಮೆಟ್ಟಿಲು ಹತ್ತಿದರೆ ಮೇಲಿನ ಬಾಗಿಲಿಗೆ ಅಡ್ಡಲಾಗಿ ಹಳೇ ಹಾಸಿಗೆ, ಎರಡು ಸೈಕಲ್ಲು, ಬಿಯರ್ ಡಬ್ಬಿಗಳ ಚೀಲ. ಗುಟ್ಟಿನ ಕೋಣೆಯನ್ನು ಅಷ್ಟು ಜೋಪಾನ ಮಾಡಿದ್ದ ಹುಡುಗರಿಗೆ ಈ ಬಾಗಿಲು ನೆನಪೇ ಇರಲಿಲ್ಲ. ನನ್ನ ಕೋಪ ಇರೋದು ಅದರ ಮೇಲೆ.

1906ರ ಡಿಸೆಂಬರ್ 7ರಂದು ನಿಮ್ಮ ಕಾರ್ನೆಲ್ ಇರೋ ಇಥಾಕಾದಲ್ಲೇ ಕೈ ಸೈ ಮನೆ ಸುಟ್ಟುಹೋಯಿತು. ಜೆನ್ನಿ ಮೆಕ್‌ಗ್ರಾ ಎಂಬಾಕೆ ಆಸೆಯಿಂದ ಕಟ್ಟಿಸಿ, ಬಾಳುವ ಯೋಗವಿಲ್ಲದೆ 1881ರಲ್ಲಿ ಕಣ್ಮುಚ್ಚಿದ ಅರಮನೆ ಅದು. ಬೆಂಕಿಗೆ ನಾಲ್ವರು ವಿದ್ಯಾರ್ಥಿಗಳೂ ಆರಿಸಲು ಬಂದ ಮೂವರೂ ಸತ್ತರು. ಅದಕ್ಕೆ ಮೂರೇ ದಿನ ಮುಂಚೆ, ಡಿಸೆಂಬರ್ 4ಕ್ಕೆ, ಅದೇ ಊರಲ್ಲಿ ಆಲ್ಫಾ ಫೈ ಆಲ್ಫಾ ಹುಟ್ಟಿತ್ತು, ಕಪ್ಪು ವಿದ್ಯಾರ್ಥಿಗಳ ಸಂಘ. ಅವರಿಗೆ ಗೋಪುರವೂ ಇರಲಿಲ್ಲ, ಓಕ್ ಹಲಗೆಯೂ ಇರಲಿಲ್ಲ. ಊರಿನ ಕಪ್ಪು ಸಂಸಾರಗಳ ಮನೆಗಳಲ್ಲೇ ಸೇರುತ್ತಿದ್ದರು. ಸಂಘ ಇವತ್ತಿಗೂ ಇದೆ. 1998ರಲ್ಲಿ ಟೆಕ್ಸಸ್ಸಿನ ಆಸ್ಟಿನ್‌ನಲ್ಲಿ ನಮ್ಮ ಕಡೆಯ ಹುಡುಗರು ಡೆಲ್ಟಾ ಎಪ್ಸಿಲಾನ್ ಸೈ ಶುರು ಮಾಡಿದಾಗಲೂ ಕೈಯಲ್ಲಿ ಬಂಗಲೆ ಇರಲಿಲ್ಲ. ಸ್ನೇಹ ಬೇಕು ಅಂದರೆ ಬಂಗಲೆಯೇ ಬೇಕು ಅಂತ ಯಾರಾದರೂ ಹೇಳಿದರೆ ಇದನ್ನು ನೆನಪಿಸಿಕೋ.

ಬೆಂಕಿ ಹಳೇ ಕಾಲದ ಮಾತು ಅನ್ನಬೇಡ. 1996ರ ಮೇ ತಿಂಗಳಲ್ಲಿ ನಾರ್ತ್ ಕ್ಯಾರೊಲಿನಾದ ಚಾಪೆಲ್ ಹಿಲ್‌ನ ಒಂದು ಫ್ರಾಟರ್ನಿಟಿ ಮನೆಯಲ್ಲಿ ಐವರು ಮಕ್ಕಳು ಬೆಂಕಿಗೆ ಹೋದರು. ಇಂಥ ಮನೆಗಳಿಗೆ ಸ್ಪ್ರಿಂಕ್ಲರ್, ಅಂದರೆ ಬೆಂಕಿ ಬಿದ್ದಾಗ ಸೂರಿನಿಂದ ತಾನೇ ನೀರು ಚಿಮ್ಮೋ ಕೊಳವೆ, ಹಾಕಲೇಬೇಕು ಅಂತ ಆ ಊರು ನಿಯಮ ಮಾಡಿದ್ದು ಆಮೇಲೆ.

ನಮ್ಮ ಮಗಳು ಇಲಿನಾಯ್‌ನ ಸೊರಾರಿಟಿ, ಅಂದರೆ ಹುಡುಗಿಯರ ಸಂಘದ, ಮನೆಯಲ್ಲಿ ಎರಡು ವರ್ಷ ಇದ್ದಳಲ್ಲ, ಅಲ್ಲಿ ಕೋಲ್ಡ್ ಡಾರ್ಮ್. ಕೋಣೆಯಲ್ಲಿ ಮೇಜು, ಬಟ್ಟೆ ಮಾತ್ರ. ಮಲಗೋದು ಎಲ್ಲರೂ ಅಟ್ಟದ ಒಂದೇ ಹಾಲಿನಲ್ಲಿ, ಜನವರಿಯಲ್ಲೂ ಕಿಟಕಿ ತೆರೆದಿಟ್ಟು. ಕ್ಷಯರೋಗಕ್ಕೆ ತಣ್ಣನೆ ಗಾಳಿಯೇ ಮದ್ದು ಅಂತ ನಂಬಿದ್ದ ಕಾಲದ ಏರ್ಪಾಟು. "ಅಮ್ಮಾ, ಮಂಕಿ ಕ್ಯಾಪ್ ಕಳಿಸು" ಅಂತ ಫೋನ್ ಮಾಡಿದ್ದಳು. ಜಾಸ್ತಿ ಹೆಂಗಸರು ಒಂದೇ ಮನೆಯಲ್ಲಿದ್ದರೆ ಕಾನೂನು ಅದನ್ನು ಸೂಳೆಮನೆ ಅನ್ನುತ್ತೆ, ಅದಕ್ಕೇ ನಮ್ಮಲ್ಲಿ ಸೊರಾರಿಟಿ ಮನೆಗಳಿಲ್ಲ ಅಂತ ಯಾರಾದರೂ ಕಥೆ ಹೊಡೆದರೆ ನಂಬಬೇಡ. ಕಾಲೇಜಿಂದ ಕಾಲೇಜಿಗೆ ಓಡಾಡೋ ಬರೀ ಬುರುಡೆ ಅದು.

ನೀನು ಇಷ್ಟು ಮಾಡು. ರಷ್‌ನ ರಾತ್ರಿ ನೋಡಿದ ಮನೆಗೆ ಮಂಗಳವಾರವೋ ಬುಧವಾರವೋ ಮಧ್ಯಾಹ್ನ ಮತ್ತೆ ಹೋಗು. ಅಡಿಗೆಮನೆಗೆ ನುಗ್ಗಿ ಅಡಿಗೆಯವರನ್ನು ಮಾತಾಡಿಸು, ಮನೆಯ ನಿಜವಾದ ಸಮಾಚಾರ ಅವರ ಹತ್ತಿರ ಇರುತ್ತೆ. ನಿನಗೆ ಮೊಟ್ಟೆಯೂ ಆಗದು ಅನ್ನೋದನ್ನು ಅವತ್ತೇ ಹೇಳು. ಹಿತ್ತಿಲ ಮೆಟ್ಟಿಲು ಎಲ್ಲಿ ಅಂತ ಕೇಳಿ ಅದರಲ್ಲೇ ಮೂರನೇ ಮಹಡಿಗೆ ಹತ್ತು, ಅದರಲ್ಲೇ ಇಳಿ. ತಲೆಯೆತ್ತಿ ಸ್ಪ್ರಿಂಕ್ಲರ್ ನೋಡು. ಅದಕ್ಕೆ ಅಂಗಿ ನೇತುಹಾಕಿದ್ದರೆ ಅದನ್ನೂ ಗಮನಿಸು. ಮನೆ ಯಾರ ಹೆಸರಲ್ಲಿದೆ, ಹಳೇ ಸದಸ್ಯರ ಕಂಪನಿಯದೋ ಯೂನಿವರ್ಸಿಟಿಯದೋ, ಬಾಯ್ಲರ್ ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು, ಎರಡನೇ ವರ್ಷ ಅಲ್ಲೇ ಇರಲೇಬೇಕು ಅಂತ ಕರಾರಿದೆಯಾ, ಇವನ್ನೆಲ್ಲ ಕೇಳು. ಕೇಳಿದ್ದಕ್ಕೆ ನಕ್ಕರೆ ಆ ಮನೆ ಬಿಡು. ನೆಲಮಾಳಿಗೆಗೆ ಕರೆದು, ಫೋನು ಇಲ್ಲಿಟ್ಟು ಬಾ ಅಂದರೆ ಅದು ರ್ಯಾಗಿಂಗ್‌ಗೇ ಅಂದುಕೋ, ಅಲ್ಲಿಂದಲೇ ಎದ್ದು ಬಾ. ಎಷ್ಟು ಹೊತ್ತಾದರೂ ಸರಿ, ನನಗೆ ಫೋನ್ ಮಾಡು. ಒಂದೂಕಾಲು ಗಂಟೆ ದಾರಿ, ನಿಮ್ಮ ಮಾವ ಹಿಮದಲ್ಲೂ ಕಾರು ಓಡಿಸ್ತಾರೆ.

ಸೇರಬೇಡ ಅಂತ ನಾನು ಹೇಳಿಲ್ಲ, ನಿಮ್ಮಪ್ಪನಿಗೂ ಹಾಗೆ ಹೇಳಲ್ಲ. ಇದರ ಜೊತೆ ನನ್ನ ಹಳೇ ಟೇಪು ಇಟ್ಟಿದ್ದೇನೆ, ಹದಿನಾರು ಅಡಿಯದು, ತುದಿಯ ಕೊಕ್ಕೆ ಸ್ವಲ್ಪ ಸಡಿಲ. ಹುಳಿಪುಡಿ ಡಬ್ಬಿ ಕೆಳಗಿದೆ, ನೋಡ್ಕೊಂಡು ತೆಗಿ.

ಇಂತಿ,
ನಿನ್ನ ಅತ್ತೆ