ರೈಲು ಬಂತು, ಕತೆ ನಿಂತಿತು

ಕಾರವಾರ

ಗೆಳೆಯಾ,

ಇಲ್ಲಿ ಮೂರು ದಿನದಿಂದ ಬಿಡದ ಮಳೆ. ನಿನ್ನೆ ಸಂಜೆ ಹೋದ ಕರೆಂಟು ಬೆಳಗಿನವರೆಗೂ ಬರಲಿಲ್ಲ. ಮೊಬೈಲಿನಲ್ಲಿ ಉಳಿದಿದ್ದ ಚಾರ್ಜಿನಲ್ಲೇ ಟಾಗೋರರ ಅದೇ ಹೆಸರಿನ ಕತೆಯಿಂದ ತಪನ್ ಸಿನ್ಹಾ ಮಾಡಿದ ಬಂಗಾಳಿ ಚಿತ್ರ ‘ಕ್ಷುಧಿತ ಪಾಷಾಣ’ (ಹಸಿದ ಕಲ್ಲು) ನೋಡಿ ಮುಗಿಸಿದೆ. ‘ಮೊದಲು ಅದನ್ನು ನೋಡು, ಆಮೇಲೆ ಜಗಳಕ್ಕೆ ಬಾ’ ಅಂದಿದ್ದೆ ನೀನು. ಬಂದೆ.

ಶಿರಸಿಯ ನಿಮ್ಮ ಮನೆಯಲ್ಲಿ ಬಾಡಿಗೆ ವಿಸಿಆರ್ ತಂದು, ಇದೇ ಕತೆಯಿಂದ ಗುಲ್ಜಾರ್ ಮಾಡಿದ ಹಿಂದಿ ಚಿತ್ರ ‘ಲೇಕಿನ್’ ಹಾಕಿದ್ದು ನೆನಪಿದೆಯಾ? ಡಿಂಪಲ್ ಕಪಾಡಿಯಾ ಮರಳಿನಲ್ಲಿ ಮಾಯವಾದಾಗ ನಿನ್ನ ಆಯಿ ಎದ್ದು ಹೋಗಿ ದೇವರ ದೀಪ ನೋಡಿ ಬಂದಿದ್ದರು. ಟಾಗೋರರು ಕತೆಯನ್ನು ಅರ್ಧಕ್ಕೇ ಬಿಟ್ಟರು, ಗುಲ್ಜಾರ್ ಪೂರ್ತಿ ಮಾಡಿದರು ಅಂತ ಅವತ್ತು ನೀನು ತೀರ್ಪು ಕೊಟ್ಟುಬಿಟ್ಟೆ.

ನಾನು ಮತ್ತೆ ಕತೆ ಓದಿದೆ ಮಾರಾಯ. 1895ರದ್ದು. ರೈಲ್ವೆ ಜಂಕ್ಷನ್ನಿನ ವೇಟಿಂಗ್ ರೂಮಿನಲ್ಲಿ ಅಪರಿಚಿತನೊಬ್ಬ ತನ್ನ ಕತೆ ಹೇಳುತ್ತಾನೆ. ಹಗಲು ಹತ್ತಿಯ ಸುಂಕ ವಸೂಲಿ, ರಾತ್ರಿ ಪಾಳುಬಿದ್ದ ಅಮೃತಶಿಲೆಯ ಅರಮನೆಯಲ್ಲಿ ವಾಸ. ಒಂದು ಸಂಜೆ ಮೆಟ್ಟಿಲ ಮೇಲೆ ಕೂತಿದ್ದಾಗ ಹುಡುಗಿಯರ ಗುಂಪೊಂದು ನಗುತ್ತಾ ನದಿಗೆ ಓಡಿಹೋದಂತಾಗುತ್ತದೆ. ಹೆಜ್ಜೆ ಸದ್ದು ಕಿವಿಗೆ ಬೀಳುತ್ತದೆ. ಕಣ್ಣಿಗೆ ಯಾರೂ ಇಲ್ಲ. ಇನ್ನೊಂದು ರಾತ್ರಿ ನೆಲದ ಕಲ್ಲಿನ ಕೆಳಗಿಂದ ಹೆಣ್ಣಿನ ಅಳು. ಹೊರಗೆ ಹುಚ್ಚ ಮೆಹರ್ ಅಲಿ ‘ದೂರ ಹೋಗಿ, ಎಲ್ಲ ಸುಳ್ಳು’ ಅಂತ ಕೂಗುತ್ತಾ ಸುತ್ತುತ್ತಿರುತ್ತಾನೆ. ಕೊನೆಗೆ ಮುದುಕ ಗುಮಾಸ್ತ ಕರೀಂ ಖಾನ್, ಪಾರಾಗಲು ಒಂದೇ ದಾರಿ, ಅದಕ್ಕೆ ಮೊದಲು ಇಲ್ಲಿದ್ದ ಪರ್ಷಿಯಾದ ಹುಡುಗಿಯೊಬ್ಬಳ ಕತೆ ಕೇಳಬೇಕು ಅನ್ನುತ್ತಾನೆ. ಅಷ್ಟರಲ್ಲಿ ರೈಲು ಬರುತ್ತದೆ. ಹೇಳುತ್ತಿದ್ದವನು ಫಸ್ಟ್ ಕ್ಲಾಸ್ ಹತ್ತಿ ಹೋಗಿಬಿಡುತ್ತಾನೆ.

ನೀನು ಅರ್ಧ ಅಂದಿದ್ದು ಇದನ್ನು. ನನಗೆ ಮಾತ್ರ ಭಯ ಶುರುವಾಗಿದ್ದೇ ಅಲ್ಲಿ. ದೇವಿಮನೆ ಘಟ್ಟದಲ್ಲಿ ಲಾರಿಗೆ ಕೈ ಮಾಡಿದ ಹೆಂಗಸಿನ ಕತೆ ಹೇಳಿದ್ದ ಕ್ಲೀನರನ್ನು ನಾವು ‘ಆಮೇಲೆ?’ ಅಂತ ಕೇಳಿದ್ದೆವು. ‘ಆಮೇಲೆಂತದು? ಕುಮಟೆ ಬಂತು’ ಅಂದಿದ್ದ. ಆ ಹೆಂಗಸು ಇವತ್ತಿಗೂ ನನ್ನ ತಲೆಯಿಂದ ಇಳಿದಿಲ್ಲ.

1991ರ ‘ಲೇಕಿನ್’ ಏನು ಮಾಡಿತು ಗೊತ್ತಾ? ಕರೀಂ ಖಾನ್ ನುಂಗಿಕೊಂಡ ಕತೆಯನ್ನೇ ಬಾಯಿಬಿಡಿಸಿತು. ನದಿ ದಂಡೆಯ ಅರಮನೆ ರಾಜಸ್ಥಾನದ ಮರಳಿಗೆ ಹೋಯಿತು, ಸುಂಕದವನ ಜಾಗಕ್ಕೆ ಹಳೇ ಸಾಮಾನು ಪಟ್ಟಿ ಮಾಡುವ ಅಧಿಕಾರಿ ವಿನೋದ್ ಖನ್ನಾ ಬಂದರು. ಡಿಂಪಲ್ ಮಾಡಿದ ಆ ರೇವಾ ಯಾರು, ಯಾಕೆ ಸಿಕ್ಕಿಬಿದ್ದಳು, ಬಿಡುಗಡೆ ಹೇಗೆ, ಎಲ್ಲದಕ್ಕೂ ಉತ್ತರ ಸಿಕ್ಕಿತು. ಉತ್ತರ ಸಿಕ್ಕಮೇಲೆ ಅವಳು ದೆವ್ವವಾಗಿ ಉಳಿಯಲಿಲ್ಲ, ಪಾಪದ ಹುಡುಗಿಯಾದಳು. ಕರುಣೆ ಬಂತು, ಹೆದರಿಕೆ ಹೋಯಿತು. ಹಾಡಿನ ವಿಷಯಕ್ಕೆ ನಾನು ಬರುವುದಿಲ್ಲ. ‘ಯಾರಾ ಸೀಲಿ ಸೀಲಿ’ಗೆ ಲತಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿದ್ದು ಸುಮ್ನೆ ಅಲ್ಲ.

1960ರ ಬಂಗಾಳಿ ಚಿತ್ರ ಕಪ್ಪು ಬಿಳುಪು. ಅದೇ ಅದರ ಅರ್ಧ ಬಲ. ಸೌಮಿತ್ರ ಚಟರ್ಜಿ ಸುಂಕದವನು. ಅಲಿ ಅಕ್ಬರ್ ಖಾನ್ ಸಂಗೀತ, ಕತ್ತಲ ಕೋಣೆಯಲ್ಲಿ ಕೇಳುವಾಗ ಪಕ್ಕದಲ್ಲೇ ಯಾರೋ ಕೂತಂತೆ. ಅದೂ ಪೂರ್ತಿ ಗೆಲ್ಲಲಿಲ್ಲ. ಕತೆಯಲ್ಲಿ ಹೆಜ್ಜೆ ಸದ್ದು ಸಾಕಿತ್ತು, ಪರದೆಗೆ ಮುಖ ಬೇಕಾಯಿತು. ಅರುಂಧತಿ ದೇವಿ ಚೆಂದವಾಗಿಯೇ ಕಾಣುತ್ತಾರೆ, ಆದರೆ ಕಾಣುತ್ತಾರಲ್ಲ, ಅದೇ ತೊಂದರೆ! ಆದರೂ ನನ್ನ ಓಟು ಇದಕ್ಕೇ.

ಇನ್ನೊಂದು ಮಾತು. ಈ ಕತೆಯ ಎಳೆ ಟಾಗೋರರಿಗೆ ಸಿಕ್ಕಿದ್ದು ಅಹಮದಾಬಾದಿನ ಶಾಹಿಬಾಗ್ ಅರಮನೆಯಲ್ಲಿ. 1878ರಲ್ಲಿ ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಡ್ಜ್. ಅಣ್ಣ ಕೋರ್ಟಿಗೆ ಹೋದರೆ ಅಷ್ಟು ದೊಡ್ಡ ಮನೆಯಲ್ಲಿ ಹುಡುಗ ಒಬ್ಬನೇ, ಕೆಳಗೆ ಸಾಬರಮತಿ. ಅದೇ ಅಣ್ಣ ಆಮೇಲೆ ನಮ್ಮ ಕಾರವಾರಕ್ಕೆ ಜಡ್ಜ್ ಆಗಿ ಬಂದರು. ತಮ್ಮನೂ ಬಂದು ಉಳಿದರು, ಬೆಳದಿಂಗಳಲ್ಲಿ ಕಾಳಿ ನದಿಯಲ್ಲಿ ದೋಣಿ ಹತ್ತಿದರು, ತಡರಾತ್ರಿ ಅಳಿವೆಯಲ್ಲಿಳಿದು ಮರಳಿನ ಮೇಲೆ ನಡೆದೇ ಮನೆಗೆ ಹೋದರು. ಗಾಳಿಮರಗಳ ನೆರಳು ಅಲುಗದೆ ಬಿದ್ದಿತ್ತಂತೆ. ಅವರ ಹೆಸರಿನ ಬೀಚಿನಲ್ಲಿ ನಾವು ಭೇಲ್ ತಿಂದದ್ದೇ ಜಾಸ್ತಿ, ಅಲ್ವಾ?

ಮಳೆ ಕಡಿಮೆಯಾದ ಮೇಲೆ ಒಮ್ಮೆ ಘಟ್ಟ ಇಳಿದು ಬಾ. ಬಂಗಾಳಿ ಚಿತ್ರವನ್ನು ಇಬ್ಬರೂ ಕೂತು ನೋಡುವ. ಕರೆಂಟು ಇದ್ದರೆ ಟಿವಿಯಲ್ಲಿ. ಆಯಿಗೆ ಹೇಳಬೇಡ.

ನಿನ್ನ,
ಕಾರವಾರದ ಗೆಳೆಯ