ಗಾಜಿನ ತುಂಡು, ಕಾಟ್ಮನ್‌ನ ಗೆರೆ

ಪ್ರೀತಿಯ ಗೆಳೆಯ,

ಗಾಜಿನಲ್ಲಿ ಇಣುಕಿ ಬರೆದದ್ದು ಚಿತ್ರವೇ ಅಲ್ಲ ಎಂದು ಬರೆದಿದ್ದೀಯ. ಹಾಗೆ ಬರೆದ ಇಂಗ್ಲಿಷ್ ಚಿತ್ರಕಾರ ಜಾನ್ ಸೆಲ್ ಕಾಟ್ಮನ್‌ನನ್ನು ನೀನು ಅಷ್ಟು ಸುಲಭವಾಗಿ ತಳ್ಳಿಹಾಕಿದ್ದು ನನಗೆ ನೋವಾಯಿತು. ನಾನಿರುವ ಇಂಗ್ಲೆಂಡಿನ ಈ ನಾರಿಚ್ 1782ರಲ್ಲಿ ಅವನು ಹುಟ್ಟಿದ ಊರು. ಉತ್ತರ ಒಂದು ವಾರ ತಡವಾಯಿತು. ಆ ವಾರವೆಲ್ಲ ಅದೇ ಗಾಜಿನ ಮುಂದೆ ಕುಳಿತಿದ್ದೆ.

ಒಂದು ಕಡ್ಡಿ, ಅದರ ತುದಿಯಲ್ಲಿ ಪುಟ್ಟ ಪಟ್ಟಕ (ಪ್ರಿಸಂ), ಅಷ್ಟೆ. 1806ರಲ್ಲಿ ಇಂಗ್ಲಿಷ್ ವಿಜ್ಞಾನಿ ವಿಲಿಯಂ ಹೈಡ್ ವೊಲಾಸ್ಟನ್ ಪೇಟೆಂಟ್ ಪಡೆದ ಕ್ಯಾಮೆರಾ ಲೂಸಿಡಾ. ಪಟ್ಟಕದ ಅಂಚಿಗೆ ಕಣ್ಣಿಟ್ಟು ಕೆಳಗೆ ನೋಡಬೇಕು. ಪಾಪೆಯ ಅರ್ಧಕ್ಕೆ ಎದುರಿನ ಕಟ್ಟಡ, ಇನ್ನರ್ಧಕ್ಕೆ ಕಾಗದ. ಎರಡೂ ಬೆರೆತು ಕಟ್ಟಡವೇ ಹಾಳೆಯ ಮೇಲೆ ಮಲಗಿದಂತೆ ಕಾಣುತ್ತದೆ. ಕೇಳಲು ಸುಲಭ. ತಲೆ ಕೊಂಚ ಅಲುಗಿದರೆ ಬರೆದ ಕಿಟಕಿಯೇ ಬೇರೆ, ಕಾಣುವ ಕಿಟಕಿಯೇ ಬೇರೆ. ಬಿಸಿಲೇರಿ ಗೋಡೆ ಬೆಳಗಿದರೆ ಪೆನ್ಸಿಲಿನ ಮೊನೆ ಕಾಣುವುದಿಲ್ಲ. ಮೋಡ ಕವಿದರೆ ಗೋಡೆಯೇ ಮಾಯ. ಎದುರಿನ ಚರ್ಚಿನ ಗೋಪುರ ಮೂರನೆಯ ದಿನ ಅಳತೆಗೆ ಸರಿಯಾಗಿ ಬಂತು. ಆದರೆ ಗೆರೆಯಲ್ಲಿ ಜೀವವಿರಲಿಲ್ಲ. ಉದ್ದಕ್ಕೂ ಒಂದೇ ಒತ್ತಡ, ಒಂದೇ ಕಪ್ಪು. ಎಲ್ಲಿ ಕಲ್ಲು ಮುಂದೆ ಬಂದಿದೆ, ಎಲ್ಲಿ ಒಳಸರಿದಿದೆ ಎಂದು ನನಗೇ ತಿಳಿಯಲಿಲ್ಲ.

ಇದೇ ಉಪಕರಣವನ್ನು ಪುರಾತತ್ವದ ಆಸಕ್ತ ಸರ್ ಹೆನ್ರಿ ಎಂಗಲ್‌ಫೀಲ್ಡ್‌ನಿಂದ ಪಡೆದು ಕಾಟ್ಮನ್ 1817ರಲ್ಲಿ ಫ್ರಾನ್ಸಿನ ನಾರ್ಮಂಡಿಗೆ ಹೋದ. ನೆಪೋಲಿಯನ್‌ನ ಯುದ್ಧ ಮುಗಿದು ಎರಡೇ ವರ್ಷವಾಗಿತ್ತು. 1818ರಲ್ಲಿ, 1820ರಲ್ಲಿ ಮತ್ತೆ ಹೋದ. ಆ ಸುತ್ತಾಟದ ಚಿತ್ರಗಳು ತಾಮ್ರದ ತಗಡಿಗಿಳಿದು, ಅವನ ಪೋಷಕ ಡಾಸನ್ ಟರ್ನರ್‌ನ ಬರಹದೊಂದಿಗೆ 1822ರಲ್ಲಿ ಎರಡು ಸಂಪುಟಗಳಾದವು. ಅದರಲ್ಲಿ ಜುಮಿಯೆಜ್ ಮಠವಿದೆ. ಫ್ರೆಂಚ್ ಕ್ರಾಂತಿಯ ನಂತರ ಮಾರಾಟವಾಗಿದ್ದ ಮಠ ಅದು. ಮದ್ದಿಟ್ಟು ಗೋಡೆ ಉರುಳಿಸಿ ಕಲ್ಲು ಮಾರುತ್ತಿದ್ದ ಕಾಲ. ಪಶ್ಚಿಮದ ಅವಳಿ ಗೋಪುರಗಳು ಇಂದಿಗೂ ನಿಂತಿವೆ, ಕೆಳಗೆ ಚೌಕ, ಮೇಲೆ ಎಂಟು ಮೂಲೆ.

ಪಟ್ಟಕ ಆ ಮೂಲೆಗಳು ಎಲ್ಲಿವೆ ಎಂದಷ್ಟೇ ತೋರಿಸುತ್ತದೆ. ಬಿಸಿಲು ಬಿದ್ದ ಅಂಚಿನಲ್ಲಿ ಗೆರೆಯನ್ನು ತೆಳುವಾಗಿಸಿ ಮುರಿಯಬೇಕೆಂದು, ನೆರಳಿನ ಬದಿಯಲ್ಲಿ ಒತ್ತಿ ನಿಲ್ಲಿಸಬೇಕೆಂದು ಅದು ಹೇಳುವುದಿಲ್ಲ. ಒಂದೇ ಬಗೆಯ ಕಮಾನುಗಳ ಸಾಲಿನಲ್ಲಿ ಒಂದನ್ನು ಪೂರ್ತಿ ತೀಡಿ ಉಳಿದವಕ್ಕೆ ಹೊರಗೆರೆಯನ್ನಷ್ಟೇ ಎಳೆಯುವುದು ಆ ಕಾಲದ ಸ್ಥಳಚಿತ್ರಕಾರರ ರೂಢಿ. ಯಾವ ಕಮಾನು ಎಂಬುದನ್ನೂ ಗಾಜು ಆರಿಸಿಕೊಡುವುದಿಲ್ಲ.

ಬೇಲೂರಿನಲ್ಲಿ ನೀನು ಮಾಡಿದ್ದೂ ಅದನ್ನೇ ಅಲ್ಲವೇ? ಆನೆಗಳ ಪಟ್ಟಿಕೆಯಲ್ಲಿ ಎರಡೇ ಆನೆ ತಿದ್ದಿ ಬರೆದು, ಉಳಿದವಕ್ಕೆ ಬೆನ್ನಿನ ಗೆರೆ ಎಳೆದು ಎದ್ದುಬಿಟ್ಟೆ. ಆ ಎರಡನ್ನು ಆರಿಸಲು ನೀನು ಅರ್ಧ ದಿನ ಸುತ್ತು ಹಾಕಿದ್ದೆ. ನಾನು ನೀರಿನ ಬಾಟಲಿ ಹಿಡಿದು ಹಿಂದೆ ಬರುತ್ತಿದ್ದೆ.

ಆ ಹಾಳೆ ಇನ್ನೂ ಇದ್ದರೆ ಕಳುಹಿಸು. ನನ್ನ ಗೋಪುರವನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಅದರ ಎಡಗಡೆಯ ಅಂಚನ್ನು ಕೊನೆಯ ದಿನ ಪಟ್ಟಕ ತೆಗೆದಿಟ್ಟು ಬರೆದೆ.

ನಿನ್ನ ಗೆಳೆಯ